ಮೂರಾದ ಮೇಲೆ ಸೂರ್ಯ

ಫ್ರಾನ್ಸಿನ ಪುಟ್ಟ ಮಕ್ಕಳು ಎಣಿಸಲು ಕಲಿಯುವ ಆಟಗಳಲ್ಲಿ ನನಗೆ ಎಲ್ಲಕ್ಕಿಂತ ಮೆಚ್ಚಿನದು 'ಅಂ, ದೊ, ತ್ರ್ವಾ, ಸೊಲೇಯ್'. ಒಂದು, ಎರಡು, ಮೂರು, ಸೂರ್ಯ. ಶಾಲೆಯ ಅಂಗಳದಲ್ಲಿ ಒಂದು ಮಗು ಗೋಡೆಗೆ ಮುಖ ಮಾಡಿ ನಿಲ್ಲುತ್ತದೆ. ಉಳಿದವರೆಲ್ಲ ದೂರದ ಒಂದು ಗೆರೆಯ ಹಿಂದೆ. ಗೋಡೆಯ ಬಳಿಯ ಮಗು ಎಣಿಸುತ್ತಿರುವಷ್ಟು ಹೊತ್ತು ಉಳಿದವರು ಮುಂದೆ ಬರಬಹುದು. 'ಸೊಲೇಯ್' ಎಂದು ಅದು ಗಿರಕ್ಕನೆ ತಿರುಗಿದೊಡನೆ ಎಲ್ಲರೂ ಇದ್ದಲ್ಲೇ ಕಲ್ಲಾಗಬೇಕು. ಅಲುಗಾಡಿದವರು ಮತ್ತೆ ಗೆರೆಗೆ. ಗೋಡೆಯನ್ನು ಮೊದಲು ಮುಟ್ಟಿದವರಿಗೆ ಮುಂದಿನ ಸಲ ಎಣಿಸುವ ಪಾಳಿ. ನಮ್ಮ ಮಕ್ಕಳು 'ಸ್ಟ್ಯಾಚ್ಯೂ' ಆಡುವುದನ್ನು ಕಂಡವರಿಗೆ ಇದು ತೀರಾ ಹೊಸದೇನಲ್ಲ.

ಎಣಿಕೆ ಮೂರಕ್ಕೇ ಮುಗಿಯುತ್ತದೆ. ಆದರೆ ಆ ಮೂರರೊಳಗೆ ಎಷ್ಟೊಂದು ಇದೆ! ಯಾವ ವೇಗದಲ್ಲಿ ಎಣಿಸಬೇಕು ಎಂಬುದಕ್ಕೆ ನಿಯಮವಿಲ್ಲ. ಜಾಣ ಮಗು 'ಅಂ' ಎನ್ನುವುದನ್ನು ಎಳೆಯುತ್ತದೆ, 'ದೊ' ಎನ್ನುವುದನ್ನು ಇನ್ನೂ ಎಳೆಯುತ್ತದೆ, ಹಿಂದಿನವರಿಗೆ ಧೈರ್ಯ ಬಂದು ಓಡತೊಡಗಿದಾಗ 'ತ್ರ್ವಾ-ಸೊಲೇಯ್' ಎಂದು ಒಂದೇ ಉಸಿರಿಗೆ ಮುಗಿಸಿ ತಿರುಗಿಬಿಡುತ್ತದೆ. ಹಿಂದೆ ಒಂಟಿಕಾಲಲ್ಲಿ ನಿಂತು ತೂಗಾಡುವವರನ್ನು ಒಬ್ಬೊಬ್ಬರನ್ನಾಗಿ ನೋಡುತ್ತದೆ. ಹೀಗೆ ಆಡುವ ಮಗುವಿಗೆ ಎರಡಾದ ಮೇಲೆ ಮೂರು ಎಂಬುದು ಬಾಯಿಪಾಠದ ವಿಷಯವಲ್ಲ. ಮೂರು ಬರುತ್ತಿದೆ ಎಂಬುದು ಅದರ ಅಂಗಾಲಿಗೆ ಗೊತ್ತು. ಸಂಖ್ಯೆಗಾಗಿ ಮೈಯೆಲ್ಲ ಕಿವಿಯಾಗಿ ಕಾಯುವುದನ್ನು ಮೂರು ವರ್ಷದ ಮಗುವಿಗೆ ಇಷ್ಟು ಸಲೀಸಾಗಿ ಕಲಿಸುವ ಇನ್ನೊಂದು ಉಪಾಯವನ್ನು ನಾನು ಕಂಡಿಲ್ಲ.

ಈ ಆಟದ ಇನ್ನೊಂದು ಗುಣವನ್ನು ಹೇಳಲೇಬೇಕು. ಸಿಕ್ಕಿಬಿದ್ದ ಮಗು ಆಟದಿಂದ ಹೊರಗೆ ಹೋಗುವುದಿಲ್ಲ. ಗೆರೆಗೆ ಮರಳಿ ಮತ್ತೆ ಮೊದಲಿಂದ ನಡೆಯುತ್ತದೆ. ಹಾಗಾಗಿ ಯಾರಿಗೆ ಇನ್ನಷ್ಟು ಅಭ್ಯಾಸ ಬೇಕೋ ಅವರಿಗೇ ಹೆಚ್ಚು ಸುತ್ತು ಸಿಗುತ್ತದೆ. ಮಕ್ಕಳ ಆಟವನ್ನು ಅಳೆಯಲು ನನ್ನ ಮೊದಲ ಒರೆಗಲ್ಲು ಇದೇ.

ಇಂಥ ಆಟಗಳು ನೆಲೆನಿಂತದ್ದು ಫ್ರಾನ್ಸಿನ 'ಎಕೋಲ್ ಮಾತೆರ್ನೆಲ್'ಗಳಲ್ಲಿ. ಮೂರರಿಂದ ಆರು ವರ್ಷದವರೆಗಿನ ಮಕ್ಕಳ ಶಾಲೆ ಅದು. ಸಣ್ಣ, ನಡು, ದೊಡ್ಡ ಎಂದು ಮೂರು ವಿಭಾಗ. 2019ರಿಂದ ಮೂರು ವರ್ಷ ತುಂಬಿದ ಎಲ್ಲ ಮಕ್ಕಳಿಗೂ ಶಿಕ್ಷಣ ಕಡ್ಡಾಯ. ಹತ್ತೊಂಬತ್ತನೆಯ ಶತಮಾನದಲ್ಲಿ ಇವು 'ಸಾಲ್ ದಾಜ಼ೀಲ್' ಎಂಬ ಆಶ್ರಯಶಾಲೆಗಳಾಗಿದ್ದವು. ಮೆಟ್ಟಿಲು ಮೆಟ್ಟಿಲಾದ ಬೆಂಚುಗಳ ಮೇಲೆ ಹಿಂಡು ಮಕ್ಕಳನ್ನು ಕೂರಿಸಿ, ಮುಂದೆ ಮಣಿಚೌಕಟ್ಟು ನಿಲ್ಲಿಸಿ, ಎಲ್ಲರಿಂದ ಒಟ್ಟಿಗೆ ಸಂಖ್ಯೆ ಹೇಳಿಸುತ್ತಿದ್ದ ಕಾಲ. 1881ರಲ್ಲಿ ಮಾತೆರ್ನೆಲ್‌ಗಳ ಇನ್‌ಸ್ಪೆಕ್ಟರ್ ಜನರಲ್ ಆದ ಪೋಲಿನ್ ಕೆರ್ಗೊಮಾರ್ ಎಂಬ ಮಹಿಳೆ ಆ ಮೆಟ್ಟಿಲು ಬೆಂಚುಗಳ ವಿರುದ್ಧ ದಶಕಗಳ ಕಾಲ ಹೋರಾಡಿದರು. ಆಟವೇ ಮಗುವಿನ ಕೆಲಸ ಎಂಬುದು ಅವರ ನಂಬಿಕೆ. ಇವತ್ತು ನೆಲದ ಮೇಲೆ ದುಂಡಗೆ ಕೂತು ಆಡುವ ಮಕ್ಕಳನ್ನು ನೋಡುವಾಗ ಆ ಹೆಣ್ಣುಮಗಳ ಹಟಕ್ಕೆ ಮನಸ್ಸು ತಲೆಬಾಗುತ್ತದೆ.

ಅವರಿಗೂ ಮುಂಚೆ ಒಬ್ಬರಿದ್ದರು. ಫ್ರೆಂಚ್ ಕ್ರಾಂತಿಯ ಭೀಕರ ದಿನಗಳಲ್ಲಿ ಬಂಧನದ ಆದೇಶ ಹೊತ್ತು ಪ್ಯಾರಿಸಿನ ಒಂದು ಮನೆಯಲ್ಲಿ ಅಡಗಿದ್ದ ಗಣಿತಜ್ಞ ಕೊಂದೊರ್ಸೆ. ಮಕ್ಕಳು ತಪ್ಪಿಲ್ಲದೆ, ಸುಲಭವಾಗಿ ಎಣಿಸಲು ಕಲಿಯುವುದು ಹೇಗೆ ಎಂಬ ಪುಟ್ಟ ಪುಸ್ತಕವನ್ನು ಅವರು ಬರೆದದ್ದು ಆ ಅಡಗುತಾಣದ ದಿನಗಳಲ್ಲಿ. 1794ರಲ್ಲಿ ಸೆರೆಮನೆಯಲ್ಲಿ ಸತ್ತರು. ಪುಸ್ತಕ ಅಚ್ಚಾದದ್ದು 1799ರಲ್ಲಿ. ಸಾವು ಬಾಗಿಲಲ್ಲಿ ನಿಂತಿರುವಾಗ ಇನ್ನೊಬ್ಬರ ಮಕ್ಕಳ ಒಂದು, ಎರಡು, ಮೂರರ ಬಗ್ಗೆ ಯೋಚಿಸುತ್ತ ಕೂತ ಆ ಮನುಷ್ಯನನ್ನು ನೆನೆದರೆ, ಎಣಿಸಲು ಕಲಿಸುವುದು ಸಣ್ಣ ಕೆಲಸ ಎನ್ನಲು ನಾಲಗೆ ಏಳುವುದಿಲ್ಲ.

ಇನ್ನು ತರಗತಿಯ ಒಳಗೆ ಬರೋಣ. 'ಗ್ರೆಲಿ ಗ್ರೆಲೊ' ಎಂಬ ಆಟವಿದೆ. ಹಳೆಯದು, ಹಳ್ಳಿಗಾಡಿನದು. ಕೈಯೊಳಗೆ ಎಷ್ಟು ಕಾಸಿದೆ ಹೇಳು ಎಂದು ಕೇಳುವ ಒಂದು ಸಣ್ಣ ಪ್ರಾಸದಿಂದ ಹುಟ್ಟಿದ್ದು. ಕಾಸುಗಳನ್ನು ಮರದ ಪಾದುಕೆಯೊಳಗೆ ಹಾಕಿ ಕುಲುಕಿ ಕೇಳುವಂತೆ ಆ ಪ್ರಾಸದ ಕಲ್ಪನೆ. ಈಗ ಕಾಸೂ ಇಲ್ಲ, ಪಾದುಕೆಯೂ ಇಲ್ಲ. ಟೀಚರ್ ಕೈಯಲ್ಲಿ ಗುಂಡಿಗಳೋ ಅಂಗಳದ ಮರದಿಂದ ಉದುರಿದ ಚೆಸ್ಟ್‌ನಟ್ ಬೀಜಗಳೋ ಇರುತ್ತವೆ. ಶರತ್ಕಾಲದಲ್ಲಿ ಆ ಬೀಜ ನೋಡಬೇಕು: ಕಂದು ಬಣ್ಣ, ಎಣ್ಣೆ ಹಚ್ಚಿ ಒರೆಸಿದ ಹಾಗೆ ಹೊಳಪು, ಪುಟ್ಟ ಮುಷ್ಟಿಗೆ ಹೇಳಿ ಮಾಡಿಸಿದ ಗಾತ್ರ.

ಟೀಚರ್ ಅಂಗೈ ಬಿಚ್ಚಿ ತೋರಿಸುತ್ತಾರೆ: ಮೂರು. ಮಕ್ಕಳು 'ತ್ರ್ವಾ' ಎನ್ನುತ್ತಾರೆ. ಎರಡೂ ಅಂಗೈ ಜೋಡಿಸಿ ಮುಚ್ಚುತ್ತಾರೆ. ಎಲ್ಲರೂ ನೋಡುತ್ತಿರುವಂತೆ ಬೆರಳ ಸಂದಿಯಿಂದ ಒಂದು ಬೀಜವನ್ನು ಒಳಗೆ ತೂರಿಸುತ್ತಾರೆ. ಆಮೇಲೆ ಇನ್ನೊಂದು. ಕಿವಿಯ ಬಳಿ ಒಯ್ದು ಕುಲುಕುತ್ತ ಪ್ರಾಸ ಹೇಳುತ್ತಾರೆ. ಒಳಗೆ ಗಟ್ಟಿ ಬೀಜಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತವೆ. ಈಗ ಎಷ್ಟು? ಕೂಗುವ ಹಾಗಿಲ್ಲ. ಒಬ್ಬೊಬ್ಬರೂ ತಮ್ಮ ಉತ್ತರವನ್ನು ಬೆರಳಲ್ಲಿ ತೋರಿಸಬೇಕು. ಒಬ್ಬ ಹುಡುಗ ನಾಲ್ಕು ತೋರಿಸಿ, ಪಕ್ಕದವಳ ಐದು ನೋಡಿ, ತನ್ನ ಕಿರುಬೆರಳನ್ನು ಇನ್ನೊಂದು ಕೈಯಿಂದ ಮೆಲ್ಲಗೆ ಬಿಡಿಸಿ ಎತ್ತುತ್ತಾನೆ. ನಾಲ್ಕು ವರ್ಷದವರಿಗೆ ಕಿರುಬೆರಳು ಹೇಳಿದ ಮಾತು ಕೇಳುವುದಿಲ್ಲ.

ಆಮೇಲೆ ಟೀಚರ್ ಕೈ ಬಿಚ್ಚುತ್ತಾರೆ. ಐದು ಬೀಜ. ಸರಿ ತಪ್ಪನ್ನು ಅವರು ಬಾಯಿ ಬಿಟ್ಟು ಹೇಳುವುದೇ ಇಲ್ಲ. ಉತ್ತರ ಅಂಗೈಯಲ್ಲೇ ಇದೆ, ಬಿದ್ದಿರುವ ಬೀಜಗಳೇ ಸಾಕ್ಷಿ. ಮಗು ಟೀಚರ ಮುಖದಲ್ಲಿ ಉತ್ತರ ಹುಡುಕಬೇಕಾಗಿಲ್ಲ. ನಾನು ಈ ಆಟಕ್ಕೆ ಸೋತದ್ದು ಈ ಕಾರಣಕ್ಕೆ. ಮುಚ್ಚಿದ ಕೈಯೊಳಗೆ ಕಾಣದ ಬೀಜಗಳನ್ನು ಮನಸ್ಸಿನಲ್ಲಿ ಕಂಡು, ಅವಕ್ಕೆ ಎರಡು ಸೇರಿಸಿ, ಕೂಡಿದ್ದನ್ನು ಹೇಳುವುದು ಎಂದರೆ ಸಂಕಲನವೇ ಆಯಿತಲ್ಲ! ಕೂಡುವ ಚಿಹ್ನೆ ಬರುವುದಕ್ಕೆ ವರ್ಷಗಳ ಮೊದಲೇ ಕೂಡುವ ಸುಖ ಬಂದುಬಿಟ್ಟಿರುತ್ತದೆ.

ಫ್ರಾನ್ಸಿನಲ್ಲಿ ಈ ವಿಷಯವನ್ನು ಬಹಳ ಆಳವಾಗಿ ಯೋಚಿಸಿದವರು ರೆಮಿ ಬ್ರಿಸ್ಸಿಯೋ ಎಂಬ ಮನಶ್ಶಾಸ್ತ್ರಜ್ಞ. ಮಕ್ಕಳು ಲೆಕ್ಕ ಕಲಿಯುವ ಬಗೆಯನ್ನು ಕುರಿತ ಅವರ ಪುಸ್ತಕ ಬಂದದ್ದು 1989ರಲ್ಲಿ. ಅವರ ಆತಂಕ ಸರಳ. ನಾವು ನಾಲ್ಕು ಗುಂಡಿಗಳನ್ನು ಸಾಲಾಗಿಟ್ಟು ಒಂದೊಂದನ್ನೂ ಮುಟ್ಟುತ್ತ ಒಂದು, ಎರಡು, ಮೂರು, ನಾಲ್ಕು ಎಂದರೆ ಮಗುವಿಗೆ ಏನು ಕೇಳಿಸುತ್ತದೆ? ಕೊನೆಯ ಗುಂಡಿಯ ಹೆಸರು ನಾಲ್ಕು ಎಂದು, ಬೀದಿಯ ಮನೆಗಳಿಗೆ ನಂಬರ್ ಇದ್ದ ಹಾಗೆ. ಎಷ್ಟಿವೆ ಎಂದು ಮತ್ತೆ ಕೇಳಿದರೆ ಅದು ಪುನಃ ಮೊದಲಿಂದ ಮುಟ್ಟಿಕೊಂಡು ಬರುತ್ತದೆ. ಅದಕ್ಕೇ ಅವರು ಹೇಳಿದ್ದು: ಒಂದು, ಇನ್ನೊಂದು ಬಂತು, ಎರಡಾಯಿತು, ಇನ್ನೊಂದು ಬಂತು, ಮೂರಾಯಿತು ಎಂದು ರಾಶಿ ಬೆಳೆಯುವುದನ್ನು ತೋರಿಸುತ್ತ ಎಣಿಸಿ. 2015ರ ಮಾತೆರ್ನೆಲ್ ಪಠ್ಯಕ್ರಮದಲ್ಲಿ ಈ ದಾರಿ ಎದ್ದು ಕಾಣುತ್ತದೆ. ಮೂರು ವರ್ಷದ ಓದು ಮುಗಿದಾಗ ಮಗು ಮೂವತ್ತರವರೆಗೆ ಹೇಳಿದರೆ ಸಾಕು, ಹತ್ತರವರೆಗಿನದು ಮಾತ್ರ ಕೈವಶವಾಗಿರಬೇಕು ಎನ್ನುತ್ತಿತ್ತು ಅದು. ಮೂರು ವರ್ಷಕ್ಕೆ ಹತ್ತು! ಆ ನಿಧಾನ ಎಷ್ಟು ಚೆಂದ. ಎಲ್‌ಕೆಜಿಯಲ್ಲೇ ನೂರರವರೆಗೆ ಬರೆಸುವ ನಮ್ಮ ಅವಸರದ ಮುಂದೆ ನಿಲ್ಲಿಸಿ ನೋಡಬೇಕಾದದ್ದು.

ಬೆರಳುಗಳ ಮಾತು ಬಂದದ್ದಕ್ಕೆ ಇದೊಂದನ್ನು ಸೇರಿಸುತ್ತೇನೆ. ಫ್ರೆಂಚರು ಎಣಿಸುವುದು ಹೆಬ್ಬೆರಳಿನಿಂದ. ಮುಚ್ಚಿದ ಮುಷ್ಟಿಯಿಂದ ಹೆಬ್ಬೆರಳು ಎದ್ದರೆ ಒಂದು, ಜೊತೆಗೆ ತೋರುಬೆರಳು ಎದ್ದರೆ ಎರಡು. ನಮ್ಮ ಅಜ್ಜಿಯಂದಿರು ಹೆಬ್ಬೆರಳನ್ನು ಉಳಿದ ಬೆರಳುಗಳ ಗೆಣ್ಣಿನಿಂದ ಗೆಣ್ಣಿಗೆ ಜಾರಿಸುತ್ತ ಎಣಿಸುವ ಕ್ರಮವೇ ಬೇರೆ. ಅದು ಒಬ್ಬರೇ ತಮಗೆ ತಾವೇ ಎಣಿಸಿಕೊಳ್ಳುವ ರೀತಿ, ದೂರದವರಿಗೆ ಕಾಣುವುದಿಲ್ಲ. ಫ್ರೆಂಚ್ ತರಗತಿಯಲ್ಲಿ ಬೆರಳು ಎಲ್ಲರಿಗೂ ಕಾಣುವ ಹಾಗೆ ಮೇಲೇಳುತ್ತದೆ. ಅಲ್ಲಿನ ಮಗು ಹುಟ್ಟುಹಬ್ಬದ ದಿನ ಮೊದಲು ಎತ್ತುವುದೂ ತನ್ನ ವಯಸ್ಸಿನಷ್ಟು ಬೆರಳುಗಳನ್ನೇ.

ಫ್ರೆಂಚ್ ಸಂಖ್ಯೆಗಳ ಸದ್ದೇ ಒಂದು ಸೊಗಸು. ಅಂ, ದೊ, ತ್ರ್ವಾ, ಕಾತ್ರ್, ಸ್ಯಾಂಕ್, ಸೀಸ್, ಸೆತ್, ಉಯಿತ್, ನಫ್, ದೀಸ್. ಒಂದಕ್ಕೆ ಮೂಗು ಬೇಕು, ಎರಡಕ್ಕೆ ತುಟಿ ಮುಂದೆ ಬರಬೇಕು, ಮೂರಕ್ಕೆ ಗಂಟಲು. ಹತ್ತು ದಾಟಿದರೆ ಸಾಲು ಸಾಲಾಗಿ ಓಂಜ಼್, ದೂಜ಼್, ತ್ರೆಜ಼್, ಕತೋರ್ಜ಼್, ಕ್ಯಾಂಜ಼್, ಸೆಜ಼್. ಆರಕ್ಕೆ ಆರೂ 'ಜ಼್' ಎಂದೇ ಮುಗಿಯುತ್ತವೆ. ಇಡೀ ತರಗತಿ ಒಟ್ಟಿಗೆ ಹೇಳಿದರೆ ಕೋಣೆ ಗುಂಯ್‌ಗುಡುತ್ತದೆ. ಹದಿನೇಳಕ್ಕೆ ಬಂದಾಗ ಆ ಗುಂಯ್ ಥಟ್ಟನೆ ನಿಂತು 'ದೀಸೆತ್' ಬರುತ್ತದೆ, ಹತ್ತು-ಏಳು. ಮಕ್ಕಳಿಗೆ ಆ ತಿರುವು ಎಷ್ಟು ಇಷ್ಟವೆಂದರೆ ಅದಕ್ಕಾಗಿಯೇ ಮತ್ತೆ ಹನ್ನೊಂದರಿಂದ ಶುರುಮಾಡುತ್ತಾರೆ.

ಎಣಿಕೆಯ ಇಂಥ ಶಿಶುಪ್ರಾಸಗಳಿಗೆ ಅಲ್ಲಿ 'ಕೊಂತೀನ್' ಎನ್ನುತ್ತಾರೆ. ಕಾಡಿಗೆ ಹೋಗಿ ಚೆರ್ರಿ ಹಣ್ಣು ಕಿತ್ತು ಹೊಸ ಬುಟ್ಟಿ ತುಂಬಿಸುವ ಕೊಂತೀನ್ ಒಂದು ಫ್ರಾನ್ಸಿನಲ್ಲಿ ಎಲ್ಲರಿಗೂ ಗೊತ್ತು. ಹನ್ನೆರಡರವರೆಗೆ ಅದರ ಓಟ, ಪ್ರತಿ ಮೂರನೆಯ ಸಂಖ್ಯೆಗೆ ಒಂದು ಪ್ರಾಸ. ಇನ್ನೊಂದರಲ್ಲಿ ಜೇಡರ ಬಲೆಯ ಮೇಲೆ ಒಂದು ಆನೆ ತೂಗಾಡುತ್ತದೆ. ಅದಕ್ಕೆ ಬಹಳ ಖುಷಿಯಾಗಿ ಎರಡನೆಯದನ್ನು ಕರೆಯುತ್ತದೆ, ಎರಡೂ ಸೇರಿ ಮೂರನೆಯದನ್ನು. ತರಗತಿಯಲ್ಲಿ ಒಂದು ಮಗು ಒಂದು ಕೈಯನ್ನು ಸೊಂಡಿಲು ಮಾಡಿ, ಇನ್ನೊಂದನ್ನು ಬಾಲವಾಗಿ ಹಿಂದಕ್ಕೆ ಚಾಚಿ ತೂಗುತ್ತ ನಡೆಯುತ್ತದೆ. ಕರೆಸಿಕೊಂಡ ಮಗು ಬಂದು ಬಾಲ ಹಿಡಿಯುತ್ತದೆ. ಬ್ರಿಸ್ಸಿಯೋ ಹೇಳಿದ 'ಇನ್ನೊಂದು ಬಂತು' ಎಂಬುದು ಇಲ್ಲಿ ಕಣ್ಣೆದುರು ನಡೆಯುತ್ತಿದೆ. ಕರೆಸಿಕೊಳ್ಳುವ ಸರದಿಗಾಗಿ ಮೂಲೆಯಲ್ಲಿ ಕಾಯುತ್ತಿರುವ ಮಗುವಿನ ಮುಖ ನೋಡಿ: ಅದು ಎಣಿಸುತ್ತಿಲ್ಲ, ತಾನು ಎಷ್ಟನೆಯದಾಗುತ್ತೇನೆ ಎಂದು ಹಾತೊರೆಯುತ್ತಿದೆ.

ಪ್ರಾಸಕ್ಕೆ ಒಂದು ಮಿತಿಯೂ ಇದೆ. ಅದು ಬಿಡಿಸಲಾಗದ ಸರವಾಗಿ ಬಾಯಿಗೆ ಬರುತ್ತದೆ. ಏಳರಿಂದ ಶುರುಮಾಡು ಎಂದರೆ ಮಗು ಒಂದರಿಂದ ಗುನುಗಿಕೊಂಡು ಬರಬೇಕು. ಆ ಸರವನ್ನು ಬಿಡಿಸುವುದಕ್ಕೆ 'ಫ್ಯುರೆ'ಯ ಆಟ. ಎಲ್ಲರೂ ದುಂಡಗೆ ಕೂರುತ್ತಾರೆ, ಟೀಚರ್ ಒಬ್ಬರನ್ನು ತೋರಿಸಿ ಒಂದು ಸಂಖ್ಯೆ ಹೇಳುತ್ತಾರೆ, ಮುಂದಿನದನ್ನು ಪಕ್ಕದವರು, ಅದರ ಮುಂದಿನದನ್ನು ಅವರ ಪಕ್ಕದವರು. ಒಮ್ಮೆ ಗಟ್ಟಿಯಾಗಿ, ಒಮ್ಮೆ ಪಿಸುಮಾತಿನಲ್ಲಿ. ಹಿಂದಕ್ಕೆ ಎಣಿಸುವಾಗ ಅದೇ ಆಟ ರಾಕೆಟ್ ಆಗುತ್ತದೆ. ಹತ್ತಕ್ಕೆ ನಿಂತವರು ಒಂದೊಂದು ಸಂಖ್ಯೆಗೂ ಕುಗ್ಗುತ್ತ ಕುಗ್ಗುತ್ತ ಸೊನ್ನೆಗೆ ನೆಲಕ್ಕಂಟಿ, ಆಮೇಲೆ ಚಂಗನೆ ನೆಗೆಯುತ್ತಾರೆ.

ಅಂಗಡಿ ಆಟ ಮಾತ್ರ ನನ್ನನ್ನು ಮರುಳು ಮಾಡುತ್ತದೆ. ಒಬ್ಬಳು ವ್ಯಾಪಾರಿ, ಎದುರಿಗೆ ಗಿರಾಕಿಗಳ ಸಾಲು, ನಡುವೆ ಪ್ಲಾಸ್ಟಿಕ್ ಹಣ್ಣುಗಳ ಬುಟ್ಟಿ. ಬರೀ ಎಣಿಸುವಾಗ ಆರು ಎಂದರೆ 'ಸೀಸ್'. ಆದರೆ ಆರು ಸೇಬು ಬೇಕಾದರೆ 'ಸೀ ಪೊಮ್' ಎನ್ನಬೇಕು, ಆರು ಕಿತ್ತಳೆ ಬೇಕಾದರೆ 'ಸೀಜ಼್ ಒರಾಂಜ್'. ಮುಂದಿನ ಮಾತು ಸ್ವರದಿಂದ ಶುರುವಾದರೆ ಒಂದು ಬಗೆ, ವ್ಯಂಜನದಿಂದಾದರೆ ಇನ್ನೊಂದು. ಹತ್ತಕ್ಕೂ ಇದೇ ಪಾಡು. ದೊಡ್ಡವರಿಗೆ ಇದನ್ನು ವ್ಯಾಕರಣದ ಪುಟದಲ್ಲಿ ಕಲಿಸಿದರೆ ತಿಂಗಳುಗಟ್ಟಲೆ ತಡವರಿಸುತ್ತಾರೆ. ಮಗು ಬುಟ್ಟಿಯಿಂದ ಕಿತ್ತಳೆ ಎತ್ತಿ ಎತ್ತಿ ಕೊಡುತ್ತ ಬಾಯಿ ತಿರುಗಿಸಿಕೊಳ್ಳುತ್ತದೆ. ನಿಯಮ ಹೇಳು ಎಂದರೆ ಅದಕ್ಕೆ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ.

ದಾಳದ ಆಟಗಳಿಗೆ ಬಂದರೆ ನಮ್ಮ ನೆಲದ ನಂಟೊಂದು ಸಿಗುತ್ತದೆ. ಫ್ರೆಂಚ್ ಮನೆ ಮನೆಯಲ್ಲೂ ಇರುವ 'ಪೆತಿ ಶವೊ', ಅಂದರೆ ಪುಟ್ಟ ಕುದುರೆಗಳ ಆಟ, ಲೂಡೋದ ಸೋದರ. ಎರಡರ ಮೂಲವೂ ಭಾರತದ ಪಚ್ಚೀಸಿ, ನಮ್ಮ ಪಗಡೆಯ ಬಳಗ. ಕುದುರೆ ಲಾಯದಿಂದ ಹೊರಬರಲು ಆರು ಬೀಳಬೇಕು. ಹಲಗೆಯ ಸುತ್ತ ಓಡಿ ಬಂದ ಮೇಲೆ ನಡುವಿಗೆ ಹೋಗುವ ದಾರಿಯಲ್ಲಿ ಒಂದರಿಂದ ಆರರವರೆಗೆ ಅಂಕಿ ಬರೆದ ಮೆಟ್ಟಿಲುಗಳಿರುತ್ತವೆ. ಮೊದಲ ಮೆಟ್ಟಿಲಿಗೆ ಒಂದೇ ಬೀಳಬೇಕು, ಎರಡನೆಯದಕ್ಕೆ ಎರಡೇ, ಹೀಗೆ ಆರರವರೆಗೆ. ಲೂಡೋದಲ್ಲಿ ದೊಡ್ಡ ಸಂಖ್ಯೆ ಬಿದ್ದರೆ ಸಂತೋಷ. ಇಲ್ಲಿ ಮೆಟ್ಟಿಲು ಹತ್ತುವಾಗ ಐದು ಬಿದ್ದು ಏನು ಪ್ರಯೋಜನ, ಬೇಕಾದದ್ದು ಮೂರು. ಕಣ್ಣು ಮುಚ್ಚಿ 'ತ್ರ್ವಾ, ತ್ರ್ವಾ' ಎಂದು ಜಪಿಸುತ್ತ ದಾಳ ಕುಲುಕುವ ಐದು ವರ್ಷದ ಹುಡುಗಿಗೆ ಮೂರು ಎಂಬುದು ಆ ಹೊತ್ತಿಗೆ ಜಗತ್ತಿನಲ್ಲಿ ಎಲ್ಲಕ್ಕಿಂತ ಬೇಕಾದ ವಸ್ತು. ದಾಳ ನಿಂತದ್ದೇ ತಡ, ಚುಕ್ಕೆ ಎಣಿಸದೆಯೇ ಅವಳಿಗೆ ಗೊತ್ತಾಗುತ್ತದೆ. ಓರೆಯಾಗಿ ಮೂರು ಚುಕ್ಕೆ ಕಂಡರೆ ಕುಣಿತ. ಮೂಲೆಗೊಂದು, ನಡುವೆ ಒಂದು ಕಂಡರೆ ನಿಟ್ಟುಸಿರು. ಕವಡೆ ಎಸೆದು ಚೌಕಾಬಾರ ಆಡಿ ಬೆಳೆದವರಿಗೆ ಈ ಜಪ, ಈ ನಿಟ್ಟುಸಿರು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ನಂಟು 'ಕಿಮ್' ಆಟದ್ದು. ರುಡ್ಯಾರ್ಡ್ ಕಿಪ್ಲಿಂಗ್ 1901ರಲ್ಲಿ ಪ್ರಕಟಿಸಿದ 'ಕಿಮ್' ಕಾದಂಬರಿಯಲ್ಲಿ ಶಿಮ್ಲಾದ ಒಂದು ಅಂಗಡಿಯೊಳಗೆ ಹುಡುಗ ಕಿಮ್‌ಗೆ ತಟ್ಟೆಯ ತುಂಬ ಹರಳುಗಳನ್ನು ತೋರಿಸಿ, ಮುಚ್ಚಿ, ಏನೇನಿತ್ತು ಎಂದು ಕೇಳುವ ಪ್ರಸಂಗವಿದೆ. ಸ್ಕೌಟ್ ಚಳವಳಿ ಅದನ್ನು ಊರೂರಿಗೆ ಒಯ್ದಿತು, ಫ್ರಾನ್ಸಿನ ಶಿಶುತರಗತಿಗಳಲ್ಲಿ ಅದು ಕಿಮ್ ಹೆಸರಲ್ಲೇ ಉಳಿದಿದೆ. ಒಂದರಿಂದ ಹತ್ತರವರೆಗಿನ ಕಾರ್ಡುಗಳನ್ನು ಚಾಪೆಯ ಮೇಲೆ ಹರಡಿ, ಎಲ್ಲರೂ ಕಣ್ಣು ಮುಚ್ಚಿದಾಗ ಒಂದನ್ನು ಎತ್ತಿಬಿಡುತ್ತಾರೆ. ಯಾವುದು ಇಲ್ಲ? ಇಲ್ಲದ ಸಂಖ್ಯೆಯನ್ನು ಹುಡುಕಬೇಕಾದರೆ ಇರುವ ಅಷ್ಟನ್ನೂ ಮನಸ್ಸಿನಲ್ಲೇ ಹೇಳಿಕೊಳ್ಳಬೇಕು. ಇಡೀ ಕೋಣೆಯ ತುಟಿಗಳು ಸದ್ದಿಲ್ಲದೆ ಅಲುಗುತ್ತಿರುತ್ತವೆ.

ಅಂಗಳದಲ್ಲಿ 'ಬೆರೆ' ಎಂಬ ಓಟದಾಟ. ಎರಡು ತಂಡ ಎದುರೆದುರು, ಎರಡರಲ್ಲೂ ಪ್ರತಿ ಮಗುವಿಗೆ ಒಂದು ಸಂಖ್ಯೆ, ನಡುವೆ ನೆಲದ ಮೇಲೆ ಒಂದು ಟೊಪ್ಪಿಗೆ ಅಥವಾ ಬಟ್ಟೆ. 'ಕಾತ್ರ್' ಎಂದು ಕೂಗಿದರೆ ಎರಡೂ ಕಡೆಯ ನಾಲ್ಕನೆಯವರು ಓಡಿಬಂದು ಬಟ್ಟೆ ಕಸಿಯಬೇಕು. ಮಕ್ಕಳು ಬಲಿತಂತೆ ಟೀಚರ್ ನಾಲ್ಕು ಎನ್ನುವುದಿಲ್ಲ, ಮೂರಕ್ಕೆ ಒಂದು ಕೂಡಿಸಿ ಎನ್ನುತ್ತಾರೆ. ಒಂದು ಕ್ಷಣ ಎಲ್ಲರೂ ಸ್ತಬ್ಧ. ಆಮೇಲೆ ಇಬ್ಬರ ಕಣ್ಣಿನಲ್ಲಿ ಮಿಂಚು, ಓಟ. ನೆಲದ ಮೇಲೆ ಬಳಿದ 'ಮರೆಲ್' ಇರದ ಶಾಲೆಯ ಅಂಗಳವೂ ಅಪರೂಪ. ನಮ್ಮ ಕುಂಟೆಬಿಲ್ಲೆಯೇ ಅದು. ಆದರೆ ಅವರದು ಭೂಮಿಯಿಂದ ಶುರುವಾಗಿ ಅಂಕಿಯ ಮನೆಗಳನ್ನು ದಾಟಿ ಆಕಾಶ ಸೇರುತ್ತದೆ.

ಎಪ್ಪತ್ತು, ಎಂಬತ್ತು, ತೊಂಬತ್ತು ಬಂದಾಗ ಫ್ರೆಂಚ್ ಎಣಿಕೆ ಬೇರೆಯೇ ದಾರಿ ಹಿಡಿಯುತ್ತದೆ. ಎಪ್ಪತ್ತು ಎಂದರೆ ಅರವತ್ತು-ಹತ್ತು, ಎಂಬತ್ತು ಎಂದರೆ ನಾಲ್ಕು ಇಪ್ಪತ್ತು, ತೊಂಬತ್ತು ಎಂದರೆ ನಾಲ್ಕು ಇಪ್ಪತ್ತು ಮತ್ತು ಹತ್ತು. ಇಪ್ಪತ್ತರ ಕಟ್ಟುಗಳಲ್ಲಿ ಎಣಿಸುತ್ತಿದ್ದ ಹಳೆಯ ಕಾಲದ ಗುರುತು ಇದು. ದೊರೆ ಒಂಬತ್ತನೆಯ ಲೂಯಿ ಹದಿಮೂರನೆಯ ಶತಮಾನದಲ್ಲಿ ಪ್ಯಾರಿಸಿನಲ್ಲಿ ಮುನ್ನೂರು ಕುರುಡರಿಗಾಗಿ ಕಟ್ಟಿಸಿದ ಆಸ್ಪತ್ರೆಯ ಹೆಸರು 'ಕ್ಯಾಂಜ಼್-ವ್ಯಾಂ', ಹದಿನೈದು ಇಪ್ಪತ್ತು. ಅದು ಇವತ್ತಿಗೂ ಕಣ್ಣಾಸ್ಪತ್ರೆಯಾಗಿ ನಡೆಯುತ್ತಿದೆ. ಬೆಲ್ಜಿಯಂ, ಸ್ವಿಟ್ಜರ್ಲೆಂಡಿನ ಫ್ರೆಂಚ್ ಮಾತಿನವರು ಎಪ್ಪತ್ತಕ್ಕೆ 'ಸೆಪ್ತಾಂತ್', ತೊಂಬತ್ತಕ್ಕೆ 'ನೊನಾಂತ್' ಎಂದು ನೇರವಾಗಿ ಹೇಳುತ್ತಾರೆ. ಕಲಿಯಲು ಅದೇ ಸುಲಭ ಎಂಬುದರಲ್ಲಿ ಅನುಮಾನವಿಲ್ಲ.

ಆದರೆ ಆಟಕ್ಕೆ ಫ್ರಾನ್ಸಿನದೇ ರುಚಿ. ಮಾತೆರ್ನೆಲ್ ಇಷ್ಟು ದೂರ ಹೋಗುವುದಿಲ್ಲ, ಆರು ವರ್ಷ ದಾಟಿದವರ ಲೊಟೊ ಆಟದಲ್ಲಿ ಇದನ್ನು ಕಾಣಬೇಕು. ತೊಂಬತ್ತರವರೆಗೆ ಅಂಕಿಗಳಿರುವ ಚೀಟಿ ಎಲ್ಲರ ಮುಂದೆ. ಕೂಗುವವರು 'ಸ್ವಾಸಾಂತ್...' ಎಂದು ಎಳೆಯುತ್ತಾರೆ. ಅರವತ್ತರ ಮನೆಯೋ ಎಪ್ಪತ್ತರ ಮನೆಯೋ ಇನ್ನೂ ಗೊತ್ತಿಲ್ಲ. ಗುಂಡಿ ಹಿಡಿದ ಪುಟ್ಟ ಕೈ ಎರಡು ಸಾಲುಗಳ ನಡುವೆ ಗಾಳಿಯಲ್ಲಿ ನಿಂತಿದೆ. '...ಕ್ಯಾಂಜ಼್' ಎಂದೊಡನೆ ಅದು ಎಪ್ಪತ್ತೈದರ ಮೇಲೆ ಇಳಿಯುತ್ತದೆ. 'ಅಂ, ದೊ, ತ್ರ್ವಾ' ಎಂದು ಗೋಡೆಯ ಬಳಿ ಕಾದು ಕಾದು ಕಲಿತ ಮಕ್ಕಳೇ ಇವರು. ಮಾತು ಮುಗಿಯುವವರೆಗೆ ಕಾಯುವುದು ಅವರಿಗೆ ಆಗಲೇ ಅಭ್ಯಾಸವಾಗಿದೆ.

ಎಲ್ಲ ಆಟಗಳೂ ಹೀಗೆ ಒಳ್ಳೆಯವಲ್ಲ. ತಪ್ಪಿದವರನ್ನು ಹೊರಗೆ ಕೂರಿಸುವ ಆಟಗಳನ್ನು ಸಂಖ್ಯೆ ಕಲಿಸಲು ಬಳಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಅಲ್ಲಿ ಚುರುಕಿನವರು ಕೊನೆಯವರೆಗೆ ಆಡುತ್ತಾರೆ, ಹಿಂದುಳಿದವರು ಮೊದಲೇ ಗೋಡೆಗೊರಗಿ ಕೂರುತ್ತಾರೆ. ಚಿತ್ರದ ಕಾರ್ಡು ತೋರಿಸಿ ಇದೆಷ್ಟು ಎಂದು ಕೇಳಿ, ಸರಿ ಹೇಳಿದವರಿಗೆ ನಕ್ಷತ್ರ ಅಂಟಿಸುವುದನ್ನೂ ಆಟ ಎನ್ನಲಾರೆ. ಅದು ಪರೀಕ್ಷೆಗೆ ತೊಡಿಸಿದ ಬಣ್ಣದ ಅಂಗಿ. ಮೊಬೈಲಿನ ಎಣಿಕೆ ಆಟಗಳಲ್ಲಿ ಬಹುಪಾಲು ಇದೇ ಜಾತಿ. ಆಟವೆಂದರೆ ಸಂಖ್ಯೆ ಇಲ್ಲದೆ ಮುಂದಿನ ಹೆಜ್ಜೆಯೇ ಇಡಲಾಗದಂತಿರಬೇಕು.

ನಮ್ಮಲ್ಲೂ ಫ್ರೆಂಚ್ ಕಲಿಯುವ ಮಕ್ಕಳು ಕಡಿಮೆಯಿಲ್ಲ. ಪುದುಚೇರಿಯ ಫ್ರೆಂಚ್ ಲಿಸೆ 1826ರಿಂದ ನಡೆಯುತ್ತಿದೆ, ಅಲ್ಲಿ ಮಾತೆರ್ನೆಲ್ ತರಗತಿಗಳೂ ಇವೆ. ಬೆಂಗಳೂರಿನ ಎಷ್ಟೋ ಶಾಲೆಗಳಲ್ಲಿ ಫ್ರೆಂಚ್ ಒಂದು ಐಚ್ಛಿಕ ಭಾಷೆ. ಕನ್ನಡದ ಮಕ್ಕಳಿಗೆ ಈ ಎಣಿಕೆಯಲ್ಲಿ ಒಂದು ಅನುಕೂಲವಿದೆ. ಫ್ರೆಂಚಿನ 'ದೊ'ದ ದಕಾರ, 'ತ್ರ್ವಾ'ದ ತಕಾರ ಹಲ್ಲಿಗೆ ನಾಲಗೆ ತಾಗಿಸಿ ಆಡುವಂಥವು, ನಮ್ಮ ದ, ತಗಳ ಹಾಗೆಯೇ. ಇಂಗ್ಲಿಷ್ ಮಾತಿನ ಮಕ್ಕಳು ಇದಕ್ಕಾಗಿ ನಾಲಗೆ ಪಳಗಿಸಿಕೊಳ್ಳಬೇಕು, ನಮ್ಮವರಿಗೆ ಅದು ಹುಟ್ಟಿನಿಂದಲೇ ಬಂದಿದೆ. 'ಅವಲಕ್ಕಿ ಪವಲಕ್ಕಿ' ಎಂದು ಅಂಗೈಗಳನ್ನು ನೆಲಕ್ಕೂರಿ ಆಡುವ ಆಟವೂ ಕೊಂತೀನ್‌ನ ಜಾತಿಯದೇ. ಅಂದ ಮೇಲೆ ಫ್ರೆಂಚ್ ಎಣಿಕೆಯನ್ನು ಅಂಕಿ ಒಂದು ಕಡೆ, ಅಕ್ಷರ ಇನ್ನೊಂದು ಕಡೆ ಬರೆದ ಪಟ್ಟಿಯಿಂದ, ಐದೈದು ಸಲ ಬರೆದು ತನ್ನಿ ಎಂಬ ಹೋಂವರ್ಕಿನಿಂದ ಶುರುಮಾಡಬೇಕಾದ ಅಗತ್ಯ ಏನಿದೆ?

ಫ್ರೆಂಚ್ ಕಲಿಸುವ ಮೇಡಂಗಳಿಗೆ, ಮೇಷ್ಟ್ರುಗಳಿಗೆ ನನ್ನದೊಂದು ಕೋರಿಕೆ. ಮೊದಲ ದಿನ ಪಟ್ಟಿಯನ್ನು ಗೋಡೆಗೆ ಅಂಟಿಸಬೇಡಿ. ಮಕ್ಕಳನ್ನು ಅಂಗಳಕ್ಕೆ ಕರೆದುಕೊಂಡು ಹೋಗಿ, ಒಂದು ಗೆರೆ ಎಳೆಯಿರಿ, ಮೂರರವರೆಗೆ ಮಾತ್ರ ಹೇಳಿಕೊಡಿ. ನಾಲ್ಕನ್ನು ಅವರೇ ಬಂದು ಕೇಳುತ್ತಾರೆ.